ಹಳೆಯ ಡೀಸೆಲ್ ಕಾರೂ ಹೆದ್ದಾರಿಯ ವೇಗವೂ

ಹಳೆಯ ಸಣ್ಣ ಡೀಸೆಲ್ ಕಾರನ್ನು ಗಂಟೆಗಟ್ಟಲೆ ವೇಗವಾಗಿ ಓಡಿಸಿದರೆ ಅದರ ಎಂಜಿನ್ನು ಬಾಳುವುದೆ? ಈ ಪ್ರಶ್ನೆಗೆ ಚಾಲಕರಲ್ಲಿ ಎರಡು ಬಗೆಯ ಉತ್ತರಗಳುಂಟು. “ಡೀಸೆಲ್ ಎಂಜಿನ್ನು ಕೋಣನಿದ್ದಂತೆ, ಎಷ್ಟು ಹೊತ್ತಾದರೂ ದುಡಿಯುತ್ತದೆ” ಎನ್ನುವವರು ಕೆಲವರು. “ಜೋರಾಗಿ ಬಿಟ್ಟರೆ ಹೆಡ್ಡು ಹೋಯಿತೆಂದೇ ತಿಳಿ” ಎನ್ನುವವರು ಕೆಲವರು. ಎರಡರಲ್ಲಿಯೂ ಸತ್ಯಾಂಶವಿದೆ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಯಂತ್ರಶಾಸ್ತ್ರ ನನ್ನ ಪಠ್ಯವಲ್ಲ. ಆದರೆ ನನ್ನ ತಂದೆಯವರು ಬಾಡಿಗೆ ಕಾರಿನ ಚಾಲಕರು. ಅಂಥದೊಂದು ಹಳೆಯ ಕಾರಿನ ದುಡಿಮೆಯಿಂದಲೇ ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಒಬ್ಬನು ಬಿ.ಎ. ತರಗತಿಯ ಕೊನೆಯ ವರ್ಷಕ್ಕೆ ಬಂದಿದ್ದಾನೆ. ಎಂಜಿನ್ನು ಒಮ್ಮೆ ಬಿಚ್ಚಿಸಿದರೆ ನನ್ನ ಶುಲ್ಕದ ಹಣ ಅಲ್ಲಿಗೇ ಹೋಗುತ್ತದೆ. ಆದುದರಿಂದ ಈ ವಿಷಯವನ್ನು ತಿಳಿಯುವ ಆಸೆ ನನಗೆ ಸಹಜವಾಗಿಯೇ ಹುಟ್ಟಿತು.

ಮೊದಲು ಡೀಸೆಲ್ ಎಂಜಿನ್ನಿನ ತತ್ತ್ವವನ್ನು ನೋಡೋಣ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದೊಡನೆ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಾದ್ದರಿಂದ ಇದರ ಭಾಗಗಳನ್ನು ಗಟ್ಟಿಮುಟ್ಟಾಗಿಯೇ ಮಾಡಬೇಕು. ಅಲ್ಲದೆ ಸುತ್ತುಗಳು ಮಿತಿಮೀರದಂತೆ ಎಣ್ಣೆಯನ್ನು ತಡೆಯುವ ಗವರ್ನರು ಪಂಪಿನಲ್ಲಿರುತ್ತದೆ. ಹೀಗೆ ಅತಿವೇಗಕ್ಕೆ ಕಡಿವಾಣ ಹುಟ್ಟಿನಿಂದಲೇ ಉಂಟು.

ಉದಾಹರಣೆಗೆ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರನ್ನು ತೆಗೆದುಕೊಳ್ಳಬಹುದು. 1976ರಲ್ಲಿ ಇದರ ಡೀಸೆಲ್ ರೂಪ ಹೊರಬಂದಿತು. ಎಂಜಿನ್ನಿನ ಗಾತ್ರ 1471 ಘನ ಸೆಂಟಿಮೀಟರು; ಶಕ್ತಿ 50 ಕುದುರೆಗಳದು. ವೇಗಮಿತಿಯಿಲ್ಲದ ಭಾಗಗಳುಳ್ಳ ಜರ್ಮನಿಯ ಹೆದ್ದಾರಿಗಳಲ್ಲಿ ಈ ಪುಟ್ಟ ಎಂಜಿನ್ನು ಓಡಬೇಕಾಗಿತ್ತು. ಇದರ ಪಿಸ್ಟನ್ನು ಒಂದು ಬಾರಿಗೆ 80 ಮಿಲಿಮೀಟರು ಚಲಿಸುತ್ತದೆ. ನಿಮಿಷಕ್ಕೆ 4000 ಸುತ್ತಿನಂತೆ ಲೆಕ್ಕ ಹಾಕಿದರೆ ಅದು ನಿಮಿಷಕ್ಕೆ 8000 ಸಲ ನಿಂತು ಹಿಂದಿರುಗಬೇಕು. ಒಟ್ಟು 640 ಮೀಟರು ಸಾಗಬೇಕು. ಕೇಳಲು ಭಯವಾದರೂ, ಎಣ್ಣೆಯ ಪದರ ಸರಿಯಾಗಿದ್ದರೆ ಲೋಹ ಇದನ್ನು ತಾಳಬಲ್ಲದು. ಒಂದೇ ಸಮನಾದ ಓಟಕ್ಕಿಂತ ತಣ್ಣಗಿರುವಾಗ ಮತ್ತೆ ಮತ್ತೆ ಚಾಲೂ ಮಾಡುವುದರಿಂದಲೇ ಸವೆತ ಹೆಚ್ಚು.

ಹಾಗಾದರೆ ಅಪಾಯವೆಲ್ಲಿ? ಸುತ್ತಿನಲ್ಲಿ ಅಷ್ಟಾಗಿ ಅಲ್ಲ, ಕಾವಿನಲ್ಲಿ. ಕಾರು ಗಾಳಿಯನ್ನು ಸೀಳಿಕೊಂಡು ಹೋಗಬೇಕಷ್ಟೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ಗಾಳಿಯೊಡನೆ ಹೋರಾಡುವ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು ಬೇಕು! ದೊಡ್ಡ ಎಂಜಿನ್ನಿಗೆ ಇದು ಹಗುರ. ಐವತ್ತು ಕುದುರೆಯ ಶಕ್ತಿಯದಕ್ಕೆ ಮೀಸಲು ಉಳಿಯುವುದು ಸ್ವಲ್ಪವೇ. ಹೆಚ್ಚು ಎಣ್ಣೆ ಉರಿದಂತೆ ಹೆಚ್ಚು ಕಾವು ಹುಟ್ಟುತ್ತದೆ.

ಹಳೆಯ ಸಣ್ಣ ಡೀಸೆಲ್ಲುಗಳಲ್ಲಿ ಇನ್ನೊಂದು ವಿಶೇಷವಿದೆ. ಗಾಲ್ಫಿನಲ್ಲಿರಲಿ, 1998ರಲ್ಲಿ ನಮ್ಮ ದೇಶದಲ್ಲಿ ಹೊರಬಂದ ಇಂಡಿಕಾದ ಮೊದಲ ಡೀಸೆಲ್ ಎಂಜಿನ್ನಿನಲ್ಲಿರಲಿ, ಉರಿ ಮೊದಲಾಗುವುದು ಹೆಡ್ಡಿನೊಳಗಣ ಚಿಕ್ಕ ಕೋಣೆಯಲ್ಲಿ. ಅಲ್ಲಿಂದ ಬೆಂಕಿ ಕಿರುಗಂಡಿಯ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ. ಇದರಿಂದ ಸದ್ದು ಕಡಿಮೆ. ಆದರೆ ಕಾವಿನ ಹೆಚ್ಚಿನ ಪಾಲು ಹೆಡ್ಡಿಗೂ ಅದರ ಸುತ್ತಣ ನೀರಿಗೂ ಇಳಿಯುತ್ತದೆ. ಗಾಲ್ಫಿನಂತೆ ಹೆಡ್ಡು ಅಲ್ಯೂಮಿನಿಯಮಿನದು, ಕೆಳಗಿನ ಬ್ಲಾಕು ಎರಕದ ಕಬ್ಬಿಣದ್ದು ಆಗಿದ್ದರೆ, ಕಾದಾಗ ಮೊದಲನೆಯದು ಸುಮಾರು ಎರಡರಷ್ಟು ಹಿಗ್ಗುತ್ತದೆ. ರೇಡಿಯೇಟರು ಕಟ್ಟಿಕೊಂಡು ಕಾವು ಮಿತಿಮೀರಿದರೆ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ಟು ಬಿಡುತ್ತದೆ. “ವೇಗದಿಂದ ಹೆಡ್ಡು ಹೋಯಿತು” ಎನ್ನುವ ಕಡೆ ಅನೇಕ ವೇಳೆ ನಿಜವಾದ ಅಪರಾಧಿ ನೀರಿನ ಕೊರತೆಯೇ. ಬೆಲ್ಟಿನ ಕಥೆಯೂ ಹೀಗೆಯೇ. ಕವಾಟಗಳನ್ನು ನಡೆಸುವ ಬೆಲ್ಟನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸದೆ ಅದು ಕಡಿದರೆ, ಪಿಸ್ಟನ್ನೂ ಕವಾಟಗಳೂ ಡಿಕ್ಕಿ ಹೊಡೆಯುತ್ತವೆ.

ಆದುದರಿಂದ ಪಾಲಿಸಬೇಕಾದ ನಿಯಮಗಳು ಸರಳವಾಗಿವೆ. ಹೊರಡುವ ಮುನ್ನ, ಎಂಜಿನ್ನು ತಣ್ಣಗಿರುವಾಗ, ನೀರನ್ನೂ ಎಣ್ಣೆಯನ್ನೂ ನೋಡಬೇಕು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯದೆ ಸ್ವಲ್ಪ ಮೀಸಲಿಡಬೇಕು. ಹಿಂದೆ ಕರಿಹೊಗೆ ಕಂಡರೆ ಎಣ್ಣೆಗೆ ಸಾಕಷ್ಟು ಗಾಳಿ ದೊರೆಯುತ್ತಿಲ್ಲವೆಂದು ಅರಿತು ಕಾಲು ಸಡಿಲಿಸಬೇಕು. ಏರಿನಲ್ಲಿ ಕಾವಿನ ಮುಳ್ಳು ಮೇಲೇರಿದರೆ ವೇಗ ಇಳಿಸಬೇಕು. ದೂರದ ಓಟ ಮುಗಿದೊಡನೆ ಎಂಜಿನ್ನು ನಿಲ್ಲಿಸದೆ, ಒಂದೆರಡು ನಿಮಿಷ ಮೆಲ್ಲನೆ ತಿರುಗಲು ಬಿಡಬೇಕು. ಎಂಜಿನ್ನು ನಿಂತರೆ ನೀರಿನ ಪಂಪೂ ನಿಂತು, ಒಳಗಿನ ಕಾವು ಅಲ್ಲಿಯೇ ಉಳಿಯುತ್ತದೆಯಲ್ಲವೆ?

ಹಿಂದಿನ ಸೀಟಿನಲ್ಲಿ ಕುಳಿತು “ಇನ್ನೂ ಬೇಗ” ಎಂದು ಅವಸರಪಡಿಸುವವರಿಗೂ ಒಂದು ಮಾತು. ನೂರು ಕಿಲೋಮೀಟರು ದಾರಿಯನ್ನು ಗಂಟೆಗೆ 80ರಂತೆ ಸಾಗಿದರೆ 75 ನಿಮಿಷ; 100ರಂತೆ ಸಾಗಿದರೆ 60 ನಿಮಿಷ. ಉಳಿಯುವುದು ಕಾಲು ಗಂಟೆ. ಆ ಕಾಲು ಗಂಟೆಗಾಗಿ ಹಳೆಯ ಎಂಜಿನ್ನು ಗಾಳಿಯೊಡನೆ ಎರಡರಷ್ಟು ಶಕ್ತಿಯಿಂದ ಸೆಣಸಬೇಕು. ಕೆಟ್ಟರೆ ರಿಪೇರಿಯ ಖರ್ಚನ್ನು ಚಾಲಕನ ಸಂಸಾರ ಹೊರಬೇಕು. ಹಳೆಯ ಡೀಸೆಲ್ಲು ದೂರ ಓಡಬಲ್ಲದು, ದಿನವಿಡೀ ಓಡಬಲ್ಲದು. ಅದರ ಶಕ್ತಿಯನ್ನು ಕಡೆಯ ಹನಿಯವರೆಗೂ ಹಿಂಡದಿದ್ದರೆ ಸಾಕು.