ಕೊನೆಯವರು ಕುಳಿತೆದ್ದ ಮೇಲೆ ಹೊರಡೋಣ



ವಾರವಿಡೀ ಕಚೇರಿ, ಶಾಲೆ, ಟ್ಯೂಷನ್ ಎಂದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡುವ ಮನೆಗಳಲ್ಲಿ ವಾರದ ಕೊನೆಗೆ ಒಂದು ಮಾತು ಬರುವುದುಂಟು: “ಎಲ್ಲಿಗಾದರೂ ಹೋಗಿಬರೋಣವೇ?” ಊಟಿ, ಕೊಡೈಕನಾಲ್‌ಗಳಿಗೆ ಹೋಗಬೇಕಾದರೆ ರಜೆಯೂ ಬೇಕು, ಹಣವೂ ಬೇಕು. ಆದರೆ ಬೆಂಗಳೂರು ಮತ್ತು ಅದರ ಸುತ್ತಮುತ್ತ ವಾಸಿಸುವ ನಮಗೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಬೆಟ್ಟಗಳು ಎಷ್ಟೋ ಇವೆ. ಉತ್ತರಕ್ಕೆ ನಂದಿ, ಸ್ಕಂದಗಿರಿ, ಮಾಕಳಿದುರ್ಗ; ವಾಯವ್ಯಕ್ಕೆ ಶಿವಗಂಗೆ; ಪಶ್ಚಿಮಕ್ಕೆ ಸಾವನದುರ್ಗ; ನೈರುತ್ಯಕ್ಕೆ ರಾಮನಗರದ ಬಂಡೆಗಳು. ಹೆಚ್ಚಿನವು 50-60 ಕಿಲೋಮೀಟರಿನ ಆಸುಪಾಸಿನಲ್ಲಿವೆ.

ಇಂಥ ಪ್ರವಾಸ ಕುಟುಂಬವನ್ನು ಒಂದುಗೂಡಿಸುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ತಾನಾಗಿಯೇ ಆಗುವ ಕೆಲಸವಲ್ಲ. ಬೆಟ್ಟ ಮನೆಯವರನ್ನು ಹತ್ತಿರ ತರಲೂಬಹುದು, ದೂರ ಮಾಡಲೂಬಹುದು. ಈ ಪಾಠವನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಅದನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಸಾವನದುರ್ಗದಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಗಿನ ಪೂಜೆ ಮುಗಿಸಿ ಹೊರಟದ್ದರಿಂದ ಸಾವನದುರ್ಗದ ಬುಡ ತಲುಪುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಜೊತೆಗೆ ಪತ್ನಿ, ಹದಿನಾಲ್ಕರ ಮಗ, ಎಂಟು ವರ್ಷದ ಮಗಳು. ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿದೆ. ಬೆಂಗಳೂರೇ 900 ಮೀಟರಿಗಿಂತ ಮೇಲಿರುವುದರಿಂದ ಈ ಅಂಕಿ ಕಂಡು “ಇದೇನು ಮಹಾ” ಎಂದುಕೊಂಡಿದ್ದೆ. ಆದರೆ ಅದು ಮಣ್ಣಿನ ಗುಡ್ಡವಲ್ಲ, ಏಕಶಿಲೆ. ದಾರಿಯ ಬಹುಪಾಲು ನೆರಳಿಲ್ಲದ ಬೋಳು ಬಂಡೆಯ ಇಳಿಜಾರು. ಹನ್ನೊಂದರ ಬಿಸಿಲಿಗೆ ಬಂಡೆ ಕಾದ ಹಂಚಿನಂತಾಗಿತ್ತು.

ಅರ್ಧ ದಾರಿಯಲ್ಲಿ ಮಗಳು ಕಾಲು ನೋವೆಂದಳು. “ಇನ್ನೇನು, ಬಂದೇಬಿಟ್ಟಿತು” ಎಂದೆ. ಈ ಮಾತನ್ನು ಮೂರು ಸಲ ಹೇಳಿದೆ. ಮೂರನೆಯ ಸಲಕ್ಕೆ ಅವಳು ಕುಳಿತೇಬಿಟ್ಟಳು. ತುದಿಯಲ್ಲಿರುವ ನಂದಿ ಮಂಟಪವನ್ನು ಮುಟ್ಟದೆ ಇಳಿಯಲು ನನಗೂ ಮಗನಿಗೂ ಮನಸ್ಸಿರಲಿಲ್ಲ. “ನೀವಿಬ್ಬರೂ ಇಲ್ಲೇ ಕೂತಿರಿ, ನಾವು ಮುಟ್ಟಿ ಅರ್ಧ ಗಂಟೆಯಲ್ಲಿ ಬಂದುಬಿಡ್ತೀವಿ” ಎಂದು ಹೇಳಿ ಹೊರಟೆ. ನೀರಿನ ಚೀಲ ನನ್ನ ಬೆನ್ನ ಮೇಲೆಯೇ ಇತ್ತು. ಅದು ನೆನಪಾದದ್ದು ಮೇಲೆ ಹೋದ ನಂತರ.

ಮಂಟಪದ ಬಳಿ ನಿಂತಾಗ ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿತ್ತು. ಇಳಿಯತೊಡಗಿದಾಗ ಮಳೆ ಹಿಡಿಯಿತು. ಒದ್ದೆಯಾದ ಬಂಡೆಯ ಮೇಲೆ ಕುಳಿತು, ಜಾರಿ, ತೆವಳಿ ನಾವು ಅವರಿದ್ದ ಜಾಗಕ್ಕೆ ಬರುವಾಗ ಸುಮಾರು ಎರಡು ಗಂಟೆ ಕಳೆದಿತ್ತು. ತಾಯಿ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂಡೆಯ ಸಂದಿನಲ್ಲಿ ನೆನೆಯುತ್ತಾ ಕುಳಿತಿದ್ದಳು. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಯಾರೂ ನನ್ನನ್ನು ಬೈಯಲೂ ಇಲ್ಲ. ಆದರೆ ಮುಂದಿನ ತಿಂಗಳು ಮತ್ತೆ ಬೆಟ್ಟದ ಮಾತೆತ್ತಿದಾಗ ಮಗಳು ತಲೆ ಎತ್ತದೆ, “ನಾನು ಇಲ್ಲೇ ಕೂತಿರ್ತೀನಿ ಅಪ್ಪಾ, ನೀವು ಮುಟ್ಟಿ ಬನ್ನಿ” ಎಂದಳು. ನನ್ನ ಮಾತನ್ನೇ ನನಗೆ ಹಿಂದಿರುಗಿಸಿದ್ದಳು. ಅವಳು ಮತ್ತೆ ನನ್ನೊಂದಿಗೆ ಬೆಟ್ಟಕ್ಕೆ ಬರಲು ಎರಡು ವರ್ಷ ಹಿಡಿಯಿತು.

ಮೊದಲ ಪಾಠ: ನಿಧಾನದವರ ನಡಿಗೆಯೇ ಎಲ್ಲರ ನಡಿಗೆ

ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಗಟ್ಟಿಮುಟ್ಟಾದವರೊಬ್ಬರು ಎಲ್ಲರಿಗಿಂತ ಹಿಂದೆ ಇರಲಿ. ಆಗ ಯಾರೂ ಹಿಂದೆ ಉಳಿಯುವ ಪ್ರಶ್ನೆಯೇ ಬರುವುದಿಲ್ಲ.

ನಾವೆಲ್ಲರೂ ಮಾಡುವ ಇನ್ನೊಂದು ತಪ್ಪನ್ನು ಗಮನಿಸಿ. ಮುಂದೆ ಹೋದವರು ಒಂದು ಮರದಡಿ ಕುಳಿತು ಹಿಂದಿನವರಿಗಾಗಿ ಕಾಯುತ್ತಾರೆ. ಅವರು ಏದುಸಿರು ಬಿಡುತ್ತಾ ಬಂದ ಕೂಡಲೇ “ಬಂದಿರಾ, ಸರಿ, ನಡೆಯಿರಿ” ಎಂದು ಎದ್ದುಬಿಡುತ್ತಾರೆ. ಹೀಗೆ ದಣಿವಾಗದವರಿಗೆ ಹತ್ತು ನಿಮಿಷ ವಿಶ್ರಾಂತಿ, ದಣಿದವರಿಗೆ ಒಂದು ನಿಮಿಷವೂ ಇಲ್ಲ. ಕಾಯುತ್ತಿದ್ದೇವೆಂಬ ತೃಪ್ತಿ ನಮಗಿರುತ್ತದೆ, ನ್ಯಾಯ ಮಾತ್ರ ಇರುವುದಿಲ್ಲ. ಕೊನೆಯವರು ಬಂದು, ಕುಳಿತು, ನೀರು ಕುಡಿದು, ತಾವಾಗಿ ಎದ್ದ ಮೇಲೆಯೇ ಹೊರಡಬೇಕು. ಮನೆಯಲ್ಲಿ ಓದಿನಲ್ಲಿ ಹಿಂದುಳಿದ ಮಗುವಿಗೂ, ವಯಸ್ಸಾದ ಅತ್ತೆ ಮಾವಂದಿರಿಗೂ ನಾವು ಎಷ್ಟೋ ಸಲ ಇದೇ ಅನ್ಯಾಯ ಮಾಡುತ್ತೇವೆ ಎಂಬುದನ್ನು ಯೋಚಿಸಿ ನೋಡಿ.

ಎರಡನೆಯ ಪಾಠ: ಹಿಂದಿರುಗುವ ಗಂಟೆಯನ್ನು ಮನೆಯಲ್ಲೇ ಗೊತ್ತುಮಾಡಿ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್ಸ್ಮಿತ್ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಅದು ಸ್ಥೂಲವಾಗಿ ಹೀಗಿದೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 4 ಕಿಲೋಮೀಟರ್ ದಾರಿ, 300 ಮೀಟರ್ ಏರು ಎಂದುಕೊಳ್ಳಿ. ನಡಿಗೆಗೆ 48 ನಿಮಿಷ, ಏರಿಗೆ 30 ನಿಮಿಷ, ಒಟ್ಟು 1 ಗಂಟೆ 18 ನಿಮಿಷ. ಆದರೆ ಇದು ಅಭ್ಯಾಸವಿರುವ ಗಟ್ಟಿಗರ ಲೆಕ್ಕ. ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಮಕ್ಕಳು, ಮಂಡಿನೋವಿನವರು ಇದ್ದರೆ ಇದನ್ನು ಎರಡರಷ್ಟು ಮಾಡಿಕೊಳ್ಳುವುದು ಒಳ್ಳೆಯದು. ಇಳಿಯುವಾಗ ಬೇಗ ಆಗುತ್ತದೆಂದು ಭಾವಿಸಬೇಡಿ. ಆಗ ಮಂಡಿಗೆ ಹೆಚ್ಚು ಭಾರ ಬೀಳುತ್ತದೆ, ದಣಿದ ಕಾಲು ಜಾರುವುದೂ ಆಗಲೇ.

ಈ ಲೆಕ್ಕ ಹಾಕಿ, “ಹನ್ನೊಂದು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ” ಎಂದು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಳ್ಳಿ. ತುದಿ ಕಣ್ಣೆದುರು ಇರುವಾಗ ಮಾಡುವ ತೀರ್ಮಾನಕ್ಕಿಂತ ಊಟದ ಮೇಜಿನ ಬಳಿ ಮಾಡಿದ ತೀರ್ಮಾನ ವಿವೇಕದ್ದು. ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ನಮ್ಮ ಕಡೆಯ ಬೆಟ್ಟಗಳಿಗೆ ಹಿತವಾದವು. ಆದರೆ ಆಗ ಹಗಲು ಚಿಕ್ಕದು. ನವೆಂಬರ್ ಕೊನೆಯಲ್ಲಿ ಸಂಜೆ ಆರರೊಳಗೆ ಸೂರ್ಯ ಮುಳುಗುತ್ತಾನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಗುಡುಗು ಕೇಳಿಸಿತೆಂದರೆ ಸಿಡಿಲು ನಮಗೆ ತಗಲುವಷ್ಟು ಹತ್ತಿರದಲ್ಲಿದೆ ಎಂದೇ ತಿಳಿದು, ತುದಿಯನ್ನೂ ಒಂಟಿ ಮರವನ್ನೂ ಬಿಟ್ಟು ಕೆಳಗಿಳಿಯಬೇಕು.

ಮೂರನೆಯ ಪಾಠ: ಬೆಟ್ಟಕ್ಕೆ ಮನೆಯವರಿದ್ದಾರೆ

ರಾಮನಗರ, ಸಾವನದುರ್ಗದ ಕಡೆಯ ಬಂಡೆಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲೆಯವು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ‘ಶೋಲೆ’ ಚಿತ್ರ ತೆಗೆದದ್ದು ಇಲ್ಲೇ ಎಂದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ ಎಂಬುದನ್ನೂ ಮಕ್ಕಳಿಗೆ ಹೇಳಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದಾದ್ಯಂತ ಅವುಗಳನ್ನು ನಾಶದ ಅಂಚಿಗೆ ತಂದಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು.

ಈ ಬೆಟ್ಟಗಳಲ್ಲಿ ಕರಡಿ, ಚಿರತೆಗಳೂ ಇವೆ. ಆದ್ದರಿಂದ ಸೂರ್ಯೋದಯದ ಆಸೆಗೆ ಅನುಮತಿಯಿಲ್ಲದೆ ಕತ್ತಲಲ್ಲಿ ಹತ್ತುವುದು ಸಲ್ಲದು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕಲ್ಲೆಸೆತ, ಗಾಢವಾದ ಸೆಂಟು, ಗಲಾಟೆ ಇವು ಅದನ್ನು ಕೆಣಕುತ್ತವೆ. ಬಳಿಯ ಮಂಚನಬೆಲೆ ಜಲಾಶಯವನ್ನು ಕಂಡು ಈಜುವ ಆಸೆಯಾದರೆ ತಡೆದುಕೊಳ್ಳಿ. ಅಲ್ಲಿ ಹಲವು ಯುವಕರು ಪ್ರಾಣ ಕಳೆದುಕೊಂಡಿದ್ದಾರೆ.

ಹೊರಡುವ ಮುನ್ನ ಅನುಮತಿಯ ವಿಷಯ ವಿಚಾರಿಸಿ. 2024ರ ಜನವರಿ ಕೊನೆಯ ವಾರದ ರಜೆಗೆ ಕುಮಾರ ಪರ್ವತದಲ್ಲಿ ಜನ ಮಿತಿಮೀರಿ ನೆರೆದ ಮೇಲೆ, ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ಕಾಯ್ದಿರಿಸುವುದನ್ನು ಬಿಗಿಗೊಳಿಸಿತು. ಕೆಲವು ದಾರಿಗಳು ಆಗಾಗ ಮುಚ್ಚಿರುವುದೂ ಉಂಟು. ಅಲ್ಲಿಗೆ ಹೋಗಿ ಕಾವಲುಗಾರನೊಂದಿಗೆ ವಾದಿಸುವುದನ್ನು ಮಕ್ಕಳು ನೋಡಿ ಕಲಿಯದಿರಲಿ.

ಚೀಲದಲ್ಲಿ ಏನಿರಬೇಕು?

ನಡಿಗೆಯ ಪ್ರತಿ ಗಂಟೆಗೆ ಒಬ್ಬರಿಗೆ ಅರ್ಧ ಲೀಟರಿನ ಲೆಕ್ಕದಲ್ಲಿ ನೀರು. ಅದನ್ನು ಒಬ್ಬರ ಬೆನ್ನ ಮೇಲೆ ಹೇರದೆ ಎಲ್ಲರಿಗೂ ಹಂಚಿ. ಚಪಾತಿ, ಚಿತ್ರಾನ್ನ, ಬಾಳೆಹಣ್ಣು, ಕಡಲೆಬೀಜ, ಬೆಲ್ಲ. ಟೊಪ್ಪಿ, ತೆಳು ರೈನ್‌ಕೋಟು, ಟಾರ್ಚು, ಬ್ಯಾಂಡೇಜು. ಹಿಡಿತವಿರುವ ಬೂಟು, ಸವೆದ ಚಪ್ಪಲಿ ಬೇಡ. ಕಸ ಹಿಂದಕ್ಕೆ ತರಲು ಒಂದು ಖಾಲಿ ಚೀಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಪಕ್ಕದ ಮನೆಯವರಿಗೆ ಹೇಳಿಹೋಗಿ. ಅಪಾಯದಲ್ಲಿ 112, ಆಂಬುಲೆನ್ಸಿಗೆ 108. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ಬೇಗ ಆಸ್ಪತ್ರೆಗೆ ಒಯ್ಯಿರಿ.

ಭಾನುವಾರದ ಮಾತು

“ಬೆಟ್ಟಕ್ಕೆ ಹೋದರೆ ಪೂಜೆ ತಪ್ಪುತ್ತದಲ್ಲ?” ಎಂದು ಹಿರಿಯರು ಕೇಳುವುದು ನ್ಯಾಯವೇ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ಕಲಮಿನಂತೆ ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರೈಸುತ್ತದೆ. ನಾನು ಅಂದು ಹಾಗೆ ಮಾಡಿದ್ದರೆ ಏಳು ಗಂಟೆಗೇ ಬುಡದಲ್ಲಿರುತ್ತಿದ್ದೆವು. ಅದರ ಹಿಂದಿನ 1247ನೇ ಕಲಮು ಆ ದಿನ ದೇಹಕ್ಕೂ ಮನಸ್ಸಿಗೂ ತಕ್ಕ ವಿಶ್ರಾಂತಿ ಇರಬೇಕೆಂದು ಹೇಳುತ್ತದೆ. ದಣಿದು ಬಂದ ಶಿಷ್ಯರನ್ನು ಯೇಸುಸ್ವಾಮಿ ನಿರ್ಜನ ಸ್ಥಳಕ್ಕೆ ಕರೆದೊಯ್ದ ಸಂಗತಿ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ.

ಇಟಲಿಯ ಟ್ಯೂರಿನ್ ನಗರದ ಪಿಯೆರ್ ಜೊರ್ಜಿಯೊ ಫ್ರಸ್ಸಾತಿ ಎಂಬ ಯುವಕನನ್ನು ಇಲ್ಲಿ ನೆನೆಯಬಹುದು. ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ತನ್ನೂರಿನ ಸಮೀಪದ ಆಲ್ಪ್ಸ್ ಪರ್ವತಗಳನ್ನು ಏರುತ್ತಿದ್ದ ಅವನೇ ನಗರದ ಬಡವರ, ರೋಗಿಗಳ ಮನೆಗಳಿಗೂ ಹೋಗುತ್ತಿದ್ದ. 1925ರ ಜುಲೈ 4ರಂದು ಪೊಲಿಯೊ ರೋಗದಿಂದ 24ನೇ ವಯಸ್ಸಿನಲ್ಲಿ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಅವರು ಅವನಿಗೆ ಸಂತ ಪದವಿ ನೀಡಿದರು. ಬೆಟ್ಟ ಹತ್ತುವ ಕಾಲುಗಳೇ ಬಡವರ ಬಾಗಿಲಿಗೂ ನಡೆದಿದ್ದವು.

ಮತ್ತೆ ಬೆಟ್ಟಕ್ಕೆ

ಎರಡು ವರ್ಷಗಳ ನಂತರ ಒಂದು ಡಿಸೆಂಬರ್‌ನಲ್ಲಿ ಮಗಳು ನಂದಿ ಬೆಟ್ಟಕ್ಕೆ ಬರಲು ಒಪ್ಪಿದಳು. ಆಕೆಯದೊಂದು ಷರತ್ತಿತ್ತು: ತಾನೇ ಮುಂದೆ ನಡೆಯಬೇಕು. ಮೆಟ್ಟಿಲು ದಾರಿಯಲ್ಲಿ ಅವಳು ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಮುಕ್ಕಾಲು ದಾರಿ ಏರಿದಾಗ ನನ್ನ ಪತ್ನಿಯ ಮಂಡಿ ಹಿಡಿದುಕೊಂಡಿತು. ಮಗ ಒಂದು ಕ್ಷಣ ಮೇಲೆ ನೋಡಿದ, ನಂತರ ನನ್ನ ಮುಖ ನೋಡಿದ. ನಾನು ಚೀಲ ಬಿಚ್ಚಿ ಚಿತ್ರಾನ್ನದ ಡಬ್ಬಿ ತೆಗೆದೆ. ಮೆಟ್ಟಿಲ ಮೇಲೆಯೇ ಕುಳಿತು ತಿಂದು, ಪತ್ನಿ ತಾನಾಗಿ ಎದ್ದ ಮೇಲೆ ಎಲ್ಲರೂ ಜೊತೆಯಲ್ಲಿ ಇಳಿದೆವು. 1478 ಮೀಟರ್ ಎತ್ತರದ ಆ ತುದಿಯನ್ನು ಅಂದು ನಾವು ಯಾರೂ ಮುಟ್ಟಲಿಲ್ಲ. ಮನೆಗೆ ಬಂದು ಬೂಟು ಬಿಚ್ಚುವಾಗ ಮಗಳು ಕೇಳಿದಳು: “ಮುಂದಿನ ಸಲ ಯಾವ ಬೆಟ್ಟ ಅಪ್ಪಾ?”

ಮನೆಯಲ್ಲಿ ಮಾತನಾಡಲು

1. ನಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು? ಅವರಿಗಾಗಿ ನಾವು ನಿಜವಾಗಿ ನಿಲ್ಲುತ್ತೇವೆಯೇ?

2. ಅರ್ಧಕ್ಕೇ ಹಿಂದಿರುಗಿದ್ದನ್ನು ನಾವು ಸೋಲೆಂದು ಮಕ್ಕಳಿಗೆ ಕಲಿಸುತ್ತಿದ್ದೇವೆಯೇ?

3. ಈ ತಿಂಗಳ ಒಂದು ದಿನವನ್ನು, ಎಲ್ಲರೂ ನಡೆಯಬಲ್ಲ ಒಂದು ಬೆಟ್ಟವನ್ನು ಇಂದೇ ಗೊತ್ತುಮಾಡಬಹುದೇ?