ಸಿಲಿಂಡರ್ ಹೆಡ್ ಮತ್ತು ಕ್ಯಾಮ್‌ಶಾಫ್ಟ್ ಬದಲಾವಣೆ: ವಾಹನದ ಮಾಲೀಕರು ಕೇಳಬೇಕಾದ ಅಳತೆಗಳು

ಸರಕು ಸಾಗಿಸಲು ಸ್ವಂತ ವಾಹನವಿಟ್ಟುಕೊಂಡಿರುವ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಗ್ಯಾರೇಜಿನಿಂದ ಎಂದಾದರೊಂದು ದಿನ ಬರುವ ಸುದ್ದಿಯೊಂದಿದೆ: ‘ಹೆಡ್ ಹೋಗಿದೆ, ಕ್ಯಾಮ್ ಸವೆದಿದೆ, ಎರಡನ್ನೂ ಹೊಸದಾಗಿ ಹಾಕಬೇಕು.’ ಆಗ ಮಾಲೀಕರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಖರ್ಚೆಷ್ಟು, ದಿನವೆಷ್ಟು. ಮೂರನೆಯ ಪ್ರಶ್ನೆಯೊಂದನ್ನು ಕೇಳದೆ ಹೋದುದರಿಂದ ಒಂದೇ ದುರಸ್ತಿಗೆ ಎರಡು ಬಾರಿ ಹಣ ತೆತ್ತವರಿದ್ದಾರೆ. ‘ಅಳೆದು ನೋಡಿದಿರಾ?’ ಎಂಬುದೇ ಆ ಪ್ರಶ್ನೆ.

ಬಂದರು ಪ್ರದೇಶದ ದಿನಸಿ ವರ್ತಕರೊಬ್ಬರ ಓಮ್ನಿ ವ್ಯಾನು ಶಿರಾಡಿ ಘಾಟಿಯನ್ನು ಏರುವಾಗ ನೀರು ಕುದಿದು ನಿಂತಿತು. ಹೊಸ ಹೆಡ್, ಹೊಸ ಗ್ಯಾಸ್ಕೆಟ್, ಹೊಸ ಕ್ಯಾಮ್‌ಶಾಫ್ಟ್ ಎಲ್ಲವೂ ಬಂದವು. ವಾಹನ ಚೆನ್ನಾಗಿಯೇ ಓಡಿತು. ಐದನೆಯ ತಿಂಗಳಲ್ಲಿ ಅದೇ ಏರಿನಲ್ಲಿ ಮತ್ತೆ ನಿಂತಿತು. ಎರಡನೆಯ ಸಲ ಬಿಚ್ಚುವಾಗ ಈ ಲೇಖಕನೂ ಅಲ್ಲಿದ್ದನು. ರೇಡಿಯೇಟರಿನ ಕೊಳವೆಗಳಲ್ಲಿ ಅರ್ಧದಷ್ಟು ತುಕ್ಕಿನ ಕೆಸರಿನಿಂದ ಮುಚ್ಚಿಹೋಗಿದ್ದವು. ಮೊದಲ ಸಲ ಅದನ್ನು ಯಾರೂ ತೆಗೆದು ನೋಡಿರಲಿಲ್ಲ. ಹಳೆಯ ಹೆಡ್ ಯಾವ ಕಾರಣಕ್ಕೆ ಬಾಗಿತ್ತೋ ಅದೇ ಕಾರಣಕ್ಕೆ ಹೊಸದೂ ಬಾಗಿತ್ತು. ಬಿಡಿಭಾಗಗಳ ವೆಚ್ಚ ಒಂದೆಡೆಯಿರಲಿ, ಬಾಡಿಗೆ ಟೆಂಪೋದಲ್ಲಿ ಸರಕು ಕಳುಹಿಸಿದ ದಿನಗಳ ಲೆಕ್ಕವೇ ಅವರನ್ನು ಹೆಚ್ಚು ನೋಯಿಸಿತು.

ಮಂಗಳೂರು ಮೋಟಾರು ಕಸುಬಿಗೆ ಹೊಸ ಊರಲ್ಲ. 1914ರಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯ ಕಾಲದಿಂದಲೂ ಇಲ್ಲಿ ಬಸ್ಸುಗಳನ್ನು ಬಿಚ್ಚಿ ಜೋಡಿಸುವ ಕೈಗಳಿವೆ. ಕಿವಿಯಿಂದಲೇ ಟ್ಯಾಪೆಟ್ ಸದ್ದನ್ನು ಗುರುತಿಸುವ ಹಿರಿಯ ಮೆಕ್ಯಾನಿಕರ ಬಗ್ಗೆ ಲೇಖಕನಿಗೆ ಗೌರವವಿದೆ. ಆದರೆ ಆ ಅನುಭವದ ಬಹುಭಾಗ ಎರಕದ ಕಬ್ಬಿಣದ ಹೆಡ್‌ಗಳ ಕಾಲದ್ದು. ಈಗಿನ ಸಣ್ಣ ವಾಹನಗಳ ಹೆಡ್ ಹೆಚ್ಚಾಗಿ ಅಲ್ಯೂಮಿನಿಯಂನದು. ಬಿಸಿಗೆ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳಿಂದ ಬಿಗಿದಿಟ್ಟ ಹೆಡ್ ಮಿತಿಮೀರಿ ಕಾದಾಗ ಹಿಗ್ಗಲು ದಾರಿಯಿಲ್ಲದೆ ಬಾಗುತ್ತದೆ. ಈ ಬಾಗು ಕಣ್ಣಿಗೆ ಕಾಣದು, ಬೆರಳಿಗೂ ಸಿಗದು.

ಬಿಚ್ಚುವ ಮೊದಲೇ ನಡೆಯಬೇಕಾದ ಪರೀಕ್ಷೆ ಕಂಪ್ರೆಷನ್ ಪರೀಕ್ಷೆ. ಪ್ರತಿ ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆದು ಬರೆದಿಡಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುವುದು ಕ್ರಮ. ಆಗ ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗಿನಲ್ಲಿದೆ; ಏರದಿದ್ದರೆ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ರಿಂಗುಗಳೇ ಸವೆದ ಎಂಜಿನ್ನಿಗೆ ಹೊಸ ಹೆಡ್ ತೊಡಿಸಿದರೆ ಮಾಲೀಕರ ಹಣ ತಪ್ಪಾದ ಜಾಗಕ್ಕೆ ಹೋದಂತೆ. ಆಯಿಲ್ ಮುಚ್ಚಳದ ಕೆಳಗೆ ಹಾಲಿನಂಥ ನೊರೆ ಕಂಡೊಡನೆ ಗ್ಯಾಸ್ಕೆಟ್ ಹೋಯಿತೆಂದು ತೀರ್ಮಾನಿಸುವುದೂ ಸರಿಯಲ್ಲ. ನಮ್ಮ ಮಳೆಗಾಲದಲ್ಲಿ ಅಂಗಡಿಯಿಂದ ಅಂಗಡಿಗೆ ಅಲ್ಪ ದೂರ ಓಡುವ ವಾಹನಗಳಲ್ಲಿ ಗಾಳಿಯ ತೇವವೇ ಹಾಗೆ ಕೂಡುವುದುಂಟು. ಅಳತೆಕಡ್ಡಿಯಲ್ಲಿಯೂ ಆಯಿಲ್ ಬೆಳ್ಳಗಾಗಿದ್ದರೆ, ರೇಡಿಯೇಟರಿನಲ್ಲಿ ನೀರು ಕಾರಣವಿಲ್ಲದೆ ಇಳಿಯುತ್ತಿದ್ದರೆ, ಎಂಜಿನ್ ಓಡುವಾಗ ಅಲ್ಲಿ ಗುಳ್ಳೆಗಳೇಳುತ್ತಿದ್ದರೆ ಅನುಮಾನ ಬಲವಾಗುತ್ತದೆ.

ಹೆಡ್ಡನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಬೇಕು. ಬೋಲ್ಟುಗಳನ್ನು ಅಂಚಿನಿಂದ ನಡುವಿಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತ ಬರಬೇಕು. ತೆಗೆದ ಬಳಿಕ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಕರ್ಣಕ್ಕೂ ಇಟ್ಟು, ಅದರ ಕೆಳಗೆ ಫೀಲರ್ ಗೇಜ್ ತೂರಿಸಿ ನೋಡುವುದು ಎರಡನೆಯ ಅಳತೆ. ಸಣ್ಣ ಎಂಜಿನ್‌ಗಳ ಅನೇಕ ಕೈಪಿಡಿಗಳು ನೀಡುವ ಮಿತಿ 0.05 ಮಿ.ಮೀ. ಮಾತ್ರ. ಬ್ಲಾಕಿನ ಮೇಲ್ಮೈಯನ್ನೂ ಹೀಗೆಯೇ ನೋಡಬೇಕು. ಬ್ಲಾಕ್ ಬಾಗಿದ್ದರೆ ಹೊಸ ಹೆಡ್ ಏನು ಮಾಡೀತು?

ಬಾಗು ಅಲ್ಪವಾಗಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ ಹಳೆಯ ಹೆಡ್ಡನ್ನೇ ಉಳಿಸಿಕೊಳ್ಳಬಹುದು. ಆದರೆ ಎಷ್ಟು ಕೊರೆಯಬಹುದೆಂಬುದಕ್ಕೆ ತಯಾರಕರ ಮಿತಿಯಿದೆ. ಹೆಡ್ಡಿನ ಎತ್ತರ ಇಳಿದಷ್ಟೂ ಕಂಪ್ರೆಷನ್ ಏರುತ್ತದೆ. ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆಯೇ ಇರುವ ಎಂಜಿನ್‌ಗಳಲ್ಲಿ ವಾಲ್ವಿನ ಕಾಲವೂ ತುಸು ಹಿಂದೆ ಬೀಳುತ್ತದೆ. ಹಲವು ಡೀಸೆಲ್ ಎಂಜಿನ್‌ಗಳಲ್ಲಂತೂ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಚಾಚುತ್ತದೆಂದು ಅಳೆದು ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕಾಗುತ್ತದೆ. ಬಿರುಕು ಬಿಟ್ಟ ಹೆಡ್ಡಿಗೆ ಆರ್ಗಾನ್ ವೆಲ್ಡಿಂಗ್ ಮಾಡಿಸುವ ರೂಢಿಯಿದೆ. ಅತಿಯಾಗಿ ಕಾದ ಅಲ್ಯೂಮಿನಿಯಂ ತನ್ನ ಗಡಸುತನವನ್ನೇ ಕಳೆದುಕೊಂಡಿರುತ್ತದಾದ್ದರಿಂದ, ಘಾಟಿ ಏರಬೇಕಾದ ವಾಹನಕ್ಕೆ ಅಂಥ ಹೆಡ್ಡನ್ನು ಲೇಖಕನು ಒಪ್ಪಲಾರನು.

ಕ್ಯಾಮ್‌ಶಾಫ್ಟಿನ ವಿಷಯದಲ್ಲಿ ಮೈಕ್ರೋಮೀಟರಿನಿಂದ ಪ್ರತಿ ಕ್ಯಾಮಿನ ಉಬ್ಬಿನ ಎತ್ತರವನ್ನು ಅಳೆದು ಕೈಪಿಡಿಯೊಡನೆ ಹೋಲಿಸಬೇಕು. ಉಬ್ಬು ಸವೆದರೆ ವಾಲ್ವ್ ಪೂರ್ತಿ ತೆರೆಯದು. ಎಳೆತ ಕುಗ್ಗಿ ಇಂಧನದ ಖರ್ಚು ಏರುತ್ತದೆ. ಕ್ಯಾಮ್ ಬದಲಿಸುವಾಗ ಅದರ ಮೇಲೆ ಉಜ್ಜುವ ರಾಕರ್‌ಗಳನ್ನು ಅಥವಾ ಟ್ಯಾಪೆಟ್‌ಗಳನ್ನು ಹಳೆಯವನ್ನೇ ಉಳಿಸುವುದು ನಮ್ಮಲ್ಲಿ ಉಳಿತಾಯವೆಂದು ನಡೆಯುತ್ತ ಬಂದಿದೆ. ಸವೆದ ಮುಖ ಹೊಸ ಕ್ಯಾಮನ್ನು ಬೇಗನೆ ತಿಂದುಹಾಕುತ್ತದೆ. ಇವನ್ನು ಜೊತೆಯಾಗಿಯೇ ಕೊಳ್ಳುವುದು ಲೇಸು. ಹಳೆಯ ಕ್ಯಾಮ್ ಸವೆಯಲು ಆಯಿಲಿನ ಕೊರತೆ ಕಾರಣವೇ ಎಂದು ಆಯಿಲ್ ಒತ್ತಡವನ್ನೂ ಹೆಡ್ಡಿಗೆ ಆಯಿಲ್ ಏರುವ ರಂಧ್ರವನ್ನೂ ನೋಡಿಸಬೇಕು.

ಜೋಡಣೆಯಲ್ಲಿ ಆತುರ ಸಲ್ಲದು. ಹಳೆಯ ಗ್ಯಾಸ್ಕೆಟ್ಟಿನ ಚೂರನ್ನು ಮರಳುಕಾಗದದ ಚಕ್ರದಿಂದ ಉಜ್ಜಿ ತೆಗೆದರೆ ಅಲ್ಯೂಮಿನಿಯಂ ಗೀರಾಗುವುದಲ್ಲದೆ, ಉದುರಿದ ಪುಡಿ ಆಯಿಲಿನೊಡನೆ ಬೇರಿಂಗುಗಳಿಗೆ ಸೇರುತ್ತದೆ. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ನೀರಾಗಲಿ ಆಯಿಲಾಗಲಿ ನಿಂತಿರಬಾರದು. ನಿಂತರೆ ಬಿಗಿತದ ಅಳತೆ ಸುಳ್ಳಾಗುತ್ತದೆ, ಕೆಲವೊಮ್ಮೆ ಬ್ಲಾಕೇ ಬಿರಿಯುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತಗಳಲ್ಲಿ, ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು. ಟಾರ್ಕ್ ವ್ರೆಂಚ್ ಇಲ್ಲದ ಗ್ಯಾರೇಜಿಗೆ ಈ ಕೆಲಸವನ್ನು ಕೊಡಲೇಬಾರದು. ಒಮ್ಮೆ ಮಾತ್ರ ಬಳಸಬೇಕಾದ, ಬಿಗಿದಾಗ ಹಿಗ್ಗುವ ಜಾತಿಯ ಬೋಲ್ಟುಗಳಾಗಿದ್ದರೆ ಹೊಸವನ್ನೇ ತರಿಸಬೇಕು.

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಹಲ್ಲಿನ ಬೆಲ್ಟ್ ಒಂದು ಹಲ್ಲು ಜಾರಿ ಕುಳಿತರೂ ಈ ಹೊಂದಿಕೆ ಕೆಡುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗುತ್ತದೆ. ಗುರುತುಗಳನ್ನು ಕೂಡಿಸಿದ ಮೇಲೆ ಸ್ಟಾರ್ಟರ್ ಮುಟ್ಟದೆ, ಕೈಯಿಂದಲೇ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುವುದನ್ನು ನೋಡಬೇಕು. ಅನಂತರ ವಾಲ್ವ್ ಅಂತರವನ್ನು ಕೈಪಿಡಿಯಂತೆ ಹೊಂದಿಸಬೇಕು. ಕ್ಯಾಮಿನ ಮೇಲೆ ಜೋಡಣೆಯ ಲೇಪವನ್ನು ಧಾರಾಳವಾಗಿ ಬಳಿದಿರಬೇಕು. ಅಂಬಾಸಿಡರಿನಂತೆ ಬ್ಲಾಕಿನೊಳಗೆ ಕ್ಯಾಮ್ ಇರುವ ಹಳೆಯ ಎಂಜಿನ್‌ಗಳನ್ನು ಮೊದಲ ಸಲ ಚಾಲೂ ಮಾಡಿದಾಗ ಐಡಲ್‌ನಲ್ಲಿ ಬಿಡದೆ ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ ಇಪ್ಪತ್ತು ನಿಮಿಷ ಓಡಿಸುವುದು ರೂಢಿ. ಅಂಥವುಗಳಲ್ಲಿ ಕ್ಯಾಮಿಗೆ ಆಯಿಲ್ ಬಹುಪಾಲು ಸಿಡಿದೇ ತಲಪುತ್ತದೆ.

ಇನ್ನು ಮೂಲ ಕಾರಣವಾದ ನೀರಿನ ಮಾತು. ಸಮುದ್ರಮಟ್ಟದ ಮಂಗಳೂರಿನಿಂದ 900 ಮೀಟರಿಗೂ ಎತ್ತರದ ಸಕಲೇಶಪುರಕ್ಕೆ ಹೇರು ಹೊತ್ತು ಏರುವ ಎಂಜಿನ್ನಿಗೆ ರೇಡಿಯೇಟರೇ ಆಸರೆ. ಅದಕ್ಕೆ ನಾವು ಹಾಕುವುದು ಬಾವಿಯ ನೀರು. ಮುರಕಲ್ಲಿನ ನೆಲದ ಬಾವಿಗಳ ನೀರಿನಲ್ಲಿ ಹುಳಿಯ ಗುಣವಿರುತ್ತದೆ. ಕಡಲು, ಅಳಿವೆಗಳ ಬದಿಯ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪು ಸೇರುತ್ತದೆ. ಎರಡೂ ಅಲ್ಯೂಮಿನಿಯಂಗೆ ವೈರಿಗಳೇ. ತಯಾರಕರು ಹೇಳಿದ ಕೂಲಂಟನ್ನು ಶುದ್ಧೀಕರಿಸಿದ ನೀರಿನೊಡನೆ ಬೆರೆಸಿ ಹಾಕುವ ಖರ್ಚು, ಒಂದು ಹೆಡ್ಡಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಹೆಡ್ ಬದಲಿಸುವ ಪ್ರತಿ ಸಂದರ್ಭದಲ್ಲಿಯೂ ರೇಡಿಯೇಟರ್, ನೀರಿನ ಪಂಪು, ಫ್ಯಾನು, ಒತ್ತಡದ ಮುಚ್ಚಳ ಇವುಗಳ ಪರೀಕ್ಷೆ ಕೆಲಸದ ಪಟ್ಟಿಯಲ್ಲಿರಲಿ. ‘ನಮ್ಮೂರಿನಲ್ಲಿ ಚಳಿಯೆಲ್ಲಿದೆ’ ಎಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವವರಿದ್ದಾರೆ. ಅದರಿಂದ ಕಟ್ಟಿಕೊಂಡ ರೇಡಿಯೇಟರ್ ತೆರೆಯುವುದಿಲ್ಲ. ಬಯಲಿನ ಓಟದಲ್ಲಿ ಎಂಜಿನ್ ತಕ್ಕಷ್ಟು ಕಾಯದೆ ಇಂಧನ ಪೋಲಾಗುತ್ತದೆ, ಅಷ್ಟೆ.

ಲೆಕ್ಕಪತ್ರದ ಒಂದು ಮಾತು. ಎಂಜಿನ್ ಬಿಡಿಭಾಗಗಳ ಜಿಎಸ್‌ಟಿ ದರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಸರಕು ಸಾಗಣೆಯ ವಾಹನದ ದುರಸ್ತಿಗೆ ತೆತ್ತ ತೆರಿಗೆಯನ್ನು, ಕಾಂಪೊಸಿಷನ್ ಯೋಜನೆಯಲ್ಲಿಲ್ಲದ ನೋಂದಾಯಿತ ವರ್ತಕರು ತಮ್ಮ ತೆರಿಗೆಯುಕ್ತ ವ್ಯವಹಾರದ ಮಟ್ಟಿಗೆ ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನವಾದರೆ ಸಾಮಾನ್ಯವಾಗಿ ಆ ಅವಕಾಶವಿಲ್ಲ. ಕಾರ್ಗೋ ಎಂದು ನೋಂದಣಿಯಾದ ವ್ಯಾನಿಗೂ ಅದೇ ಮಾದರಿಯ ಪ್ರಯಾಣಿಕ ವ್ಯಾನಿಗೂ ಇಲ್ಲಿ ವ್ಯತ್ಯಾಸ ಬರುತ್ತದೆ. ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಬಿಡಿಭಾಗಗಳ ಭಾಗಸಂಖ್ಯೆ ಇರುವಂತೆ ನೋಡಿಕೊಳ್ಳಬೇಕು. ಕಂಪ್ರೆಷನ್, ಹೆಡ್ಡಿನ ಸಮತಲ, ಕ್ಯಾಮಿನ ಎತ್ತರ ಇವುಗಳ ಅಳತೆಗಳನ್ನು ಅದೇ ಬಿಲ್ಲಿನ ಹಿಂಬದಿಯಲ್ಲಿ ಬರೆಯಿಸಿಕೊಂಡು, ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು.