‘ನಾನು’ ಎಂಬುದು ನಿಜವೋ, ಭ್ರಮೆಯೋ?

ಶ್ರವಣಬೆಳಗೊಳದ ವಿಂಧ್ಯಗಿರಿಯ ಬುಡದಲ್ಲಿ ಚಪ್ಪಲಿ ಬಿಟ್ಟು 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುವ ಯಾತ್ರಾರ್ಥಿಗಳು, ‘ನಾನು’ ಎಂಬುದನ್ನೂ ಬಿಟ್ಟು ಹತ್ತಬೇಕು ಅಂತ ಹಿರಿಯರು ಹೇಳುತ್ತಾರೆ. ಹಾಗಾದರೆ ‘ನಾನು’ ಬರೀ ಭ್ರಮೆಯೇ? ಈ ವಿಚಾರವನ್ನು ಸ್ವಲ್ಪ ತಿಳಿಯೋಣ.

ಬೌದ್ಧರು ಸ್ಥಿರವಾದ ಆತ್ಮ ಇಲ್ಲ ಅನ್ನುತ್ತಾರೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಹರಿಯುತ್ತಾಳೆ. ಬೆಳಿಗ್ಗೆ ಮಿಂದ ನೀರು ಸಂಜೆಗೆ ಅಲ್ಲಿರೋದಿಲ್ಲ, ಹೆಸರು ಮಾತ್ರ ಕಾವೇರಿಯೇ. ದೇಹ, ಮನಸ್ಸುಗಳ ಹರಿವಿಗೆ ‘ನಾನು’ ಎಂಬ ಹೆಸರೂ ಹಾಗೆಯೇ ಎಂಬುದು ಅವರ ವಾದ.

ಶಂಕರಾಚಾರ್ಯರ ಅದ್ವೈತದಲ್ಲಿ ಆತ್ಮ ಸತ್ಯ, ಆದರೆ ಅದು ಒಂದೇ. ನಾನು ಬೇರೆ, ನೀನು ಬೇರೆ ಎನ್ನುವುದು ಅವಿದ್ಯೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು, ಉಡುಪಿಯ ಮಧ್ವಾಚಾರ್ಯರು ಪ್ರತಿ ಜೀವವೂ ನಿಜ, ಅದು ಭಗವಂತನ ಅಧೀನ ಎಂದರು.

ಜೈನ ಧರ್ಮದ ಪ್ರಕಾರ ಜೀವಗಳು ಅನಂತ, ಎಲ್ಲವೂ ನಿಜ. ಅರಿಯುವುದೇ ಜೀವದ ಲಕ್ಷಣ. ‘ನಾನು ಇದ್ದೇನೋ ಇಲ್ಲವೋ’ ಅಂತ ಸಂಶಯಪಡೋದಕ್ಕೂ ಒಬ್ಬ ಇರಲೇಬೇಕಲ್ಲ? ಆತ್ಮವೇ ಇಲ್ಲದಿದ್ದರೆ ಮಾಡಿದ ಕರ್ಮದ ಫಲ ಉಣ್ಣುವವರು ಯಾರು? ಹಾಗಂತ ಬದಲಾವಣೆಯೂ ಸುಳ್ಳಲ್ಲ. ಬಳೆ ಕರಗಿಸಿ ಸರ ಮಾಡಿಸಿದರೆ ಆಕಾರ ಹೋಯಿತು, ಚಿನ್ನ ಉಳಿಯಿತು. ಚಿನ್ನ ದ್ರವ್ಯ, ಆಕಾರ ಪರ್ಯಾಯ. ಹೆಸರು, ವಯಸ್ಸು, ಹುದ್ದೆ, ಶ್ರೀಮಂತಿಕೆ ಇವೆಲ್ಲ ಬಂದುಹೋಗುವ ಆಕಾರದಂತೆ. ಅದನ್ನೇ ‘ನಾನು’ ಎಂದು ಬೀಗುವುದು ಮಾನಕಷಾಯ. ಬಿಡಬೇಕಾದ್ದು ಇದನ್ನು, ಆತ್ಮವನ್ನಲ್ಲ.

ಇದಕ್ಕೆ ಈ ಬೆಟ್ಟದಲ್ಲೇ ದೃಷ್ಟಾಂತವಿದೆ. ಗಂಗರಾಜ ರಾಚಮಲ್ಲನ ಮಂತ್ರಿ ಚಾವುಂಡರಾಯರು 981ರ ಸುಮಾರಿಗೆ 58 ಅಡಿಯ ಬಾಹುಬಲಿ ಮೂರ್ತಿ ಮಾಡಿಸಿದರು. ‘ಇದು ನನ್ನಿಂದಾಯ್ತು’ ಎಂಬ ಹೆಮ್ಮೆ ಮನಸ್ಸಿಗೆ ಬಂತಂತೆ. ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪಾದದವರೆಗೆ ಇಳಿಯಲಿಲ್ಲ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಚೂರು ಹಾಲು ಮೂರ್ತಿಯನ್ನೆಲ್ಲ ತೋಯಿಸಿತು ಎಂದು ಐತಿಹ್ಯ. ಚಾವುಂಡರಾಯರು ತಲೆಬಾಗಿದರು. ಅಲ್ಲಿ ಹೋದದ್ದು ಹೆಮ್ಮೆ ಮಾತ್ರ. ಭಕ್ತಿಯೂ ಉಳಿಯಿತು, ಭಕ್ತನೂ ಉಳಿದನು. ಗುಳ್ಳಕಾಯಜ್ಜಿಯ ವಿಗ್ರಹ ಇವತ್ತಿಗೂ ಸ್ವಾಮಿಯ ಎದುರಿಗೆ ನಿಂತಿದೆ.

ದರ್ಶನವಾದ ಮೇಲೆ ಯಾತ್ರಾರ್ಥಿಗಳು ಅಜ್ಜಿಯ ಮುಂದೆ ಒಂದು ಗಳಿಗೆ ನಿಂತು, ‘ಹೆಸರು, ಊರು, ಹಣ ಬಿಟ್ಟರೆ ನಾನು ಯಾರು?’ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಉತ್ತರ ಕೂಡಲೇ ಸಿಗದಿದ್ದರೂ ಚಿಂತೆಯಿಲ್ಲ. ಮನೆಗೆ ಹೋದ ಮೇಲೂ ದಿನಕ್ಕೊಮ್ಮೆ ಕೇಳಿಕೊಂಡರೆ ಯಾತ್ರೆ ಸಾರ್ಥಕ.